ಯೇಸುವಿಗೆ ಅಡ್ಡಬೀಳುವುದು ವಿಗ್ರಹಾರಾಧನೆಯಾ? ಬೈಬಲ್ ತೆರೆದು ನೀವೇ ನೋಡಿ

"ದೇವರು ಒಬ್ಬನೇ ಅಂತೀರಿ, ಯೇಸುವಿಗೂ ಅಡ್ಡಬೀಳ್ತೀರಿ, ಇದೇ ವಿಗ್ರಹಾರಾಧನೆ ಅಲ್ವಾ?" ಯಾರಾದರೂ ಹೀಗೆ ಕೇಳಿದರೆ ನಮ್ಮವರು ಥಟ್ಟನೆ, ಯೇಸುವನ್ನು "ವಾಕ್ಯ" ಅಂತ ಕರೆದು ಆ ವಾಕ್ಯ ದೇವರಾಗಿತ್ತು ಅನ್ನುವ ಯೋಹಾನ 1:1 ಹೇಳಿಬಿಡುತ್ತಾರೆ. ವಚನ ಸರಿಯೇ. ಆದರೆ ಸುಮ್ನೆ ಒಂದು ವಚನ ಹಿಡಿದು ಜಗ್ಗಾಡಿದರೆ ಮಾತು ಮುಂದೆ ಹೋಗಲ್ಲ. ಬೇರೆ ಕಡೆಯಿಂದ ಶುರು ಮಾಡಿ.

ಮೊದಲು ವಿಮೋಚನಕಾಂಡ 20ರ ಆರಂಭ ಓದಿ. ಬೇರೆ ದೇವರು ಬೇಡ, ಮೂರ್ತಿ ಮಾಡಿ ಅಡ್ಡಬೀಳಬೇಡ. ಯೇಸು ಇದನ್ನು ಸಡಿಲ ಮಾಡಲಿಲ್ಲ, ಮತ್ತಾಯ 4:10ರಲ್ಲಿ ಆರಾಧನೆ ದೇವರೊಬ್ಬನಿಗೇ ಅಂತ ಸೈತಾನನಿಗೆ ಹೇಳಿದ.

ಈಗ, ಅಡ್ಡಬೀಳಲು ಬಂದವರನ್ನು ಯಾರು ಯಾರು ತಡೆದರು ಅಂತ ಹುಡುಕಿ. ಅಪೊಸ್ತಲರ ಕೃತ್ಯಗಳು 10ರಲ್ಲಿ ರೋಮನ್ ಸೇನಾಧಿಕಾರಿ ಕೊರ್ನೇಲ್ಯ ಕಾಲಿಗೆ ಬಿದ್ದಾಗ ಯೇಸುವಿನ ಶಿಷ್ಯ ಪೇತ್ರ ಅವನನ್ನು ಎಬ್ಬಿಸಿ, ನಾನೂ ಮನುಷ್ಯನೇ ಅನ್ನುತ್ತಾನೆ. ಅದೇ ಪುಸ್ತಕದ 14ರಲ್ಲಿ ಲುಸ್ತ್ರ ಅನ್ನುವ ಊರಿನ ಜನ ಪೌಲ, ಬಾರ್ನಬರನ್ನೇ ದೇವರೆಂದುಕೊಂಡು ಎತ್ತು, ಹೂವಿನ ಹಾರ ತಂದು ಬಲಿ ಕೊಡಲು ಹೊರಟರೆ, ಇವರು ಬಟ್ಟೆ ಹರಿದುಕೊಂಡು ಜನರ ನಡುವೆ ನುಗ್ಗಿ ಕೂಗುತ್ತಾರೆ. ಪ್ರಕಟನೆ 22ರಲ್ಲಿ ದೇವದೂತನೂ ಬೇಡ ಅನ್ನುತ್ತಾನೆ. ಇಷ್ಟು ಓದಿದ ಮೇಲೆ ಯೋಹಾನ 20:28 ತೆಗೆಯಿರಿ. ಶಿಷ್ಯ ತೋಮ ಯೇಸುವಿಗೆ "ನನ್ನ ಸ್ವಾಮಿ, ನನ್ನ ದೇವರು" ಅನ್ನುತ್ತಾನೆ. ಯೇಸು ತಡೆಯಲಿಲ್ಲ, ಗದರಿಸಲೂ ಇಲ್ಲ. ಪೇತ್ರನಿಗಿದ್ದ ದೇವಭಯ ಯೇಸುವಿಗೆ ಇರಲಿಲ್ಲವೇ? ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ.

"ಯೇಸು ದೊಡ್ಡವನು, ಆದರೆ ದೇವರು ಸೃಷ್ಟಿಸಿದವನು" ಅನ್ನುವವರೂ ಸಿಗುತ್ತಾರೆ. ಇದು ಹಳೇ ವಾದ. ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್ ಹೀಗೇ ಕಲಿಸುತ್ತಿದ್ದ, ಕ್ರಿ.ಶ. 325ರಲ್ಲಿ ಬಿಷಪ್‌ಗಳು ಸೇರಿದ್ದ ನೈಸಿಯ ಸಭೆ ಅದನ್ನು ತಳ್ಳಿಹಾಕಿತು. ಆಮೇಲೂ ಜಗಳ ನಿಲ್ಲಲಿಲ್ಲ. ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಅರಿಯಸ್‌ನ ಕಡೆಯವರನ್ನು ಸರಿಯಾಗಿ ಹಿಡಿದ: ಯೇಸು ಸೃಷ್ಟಿಯಾದವನು ಅಂತಲೂ ಹೇಳುತ್ತೀರಿ, ಆರಾಧನೆಯನ್ನೂ ಮಾಡುತ್ತೀರಿ, ಹಾಗಾದರೆ ವಿಗ್ರಹಾರಾಧನೆ ಮಾಡುತ್ತಿರುವುದು ನೀವೇ ಅಲ್ಲವೇ? ಈ ಪ್ರಶ್ನೆಯನ್ನು ಇವತ್ತೂ ಹಾಗೇ ಕೇಳಬಹುದು. "ತಂದೆ ನನಗಿಂತ ದೊಡ್ಡವನು" ಅನ್ನುವ ಯೋಹಾನ 14:28 ಎತ್ತಿದರೆ, ಫಿಲಿಪ್ಪಿ 2:6-8 ಜೊತೆಗಿಟ್ಟು ಓದಿಸಿ. ದೇವಸ್ವರೂಪನಾಗಿದ್ದವನು ತನ್ನನ್ನು ತಗ್ಗಿಸಿಕೊಂಡ ಕಥೆ ಅಲ್ಲಿದೆ.

ಬೇರೆಯವರಿಗೆ ಉತ್ತರ ಕೊಟ್ಟಾಯಿತು ಅಂತ ಪುಸ್ತಕ ಮುಚ್ಚಬೇಡಿ. 2 ಅರಸುಗಳು 18:4 ಬಾಕಿ ಇದೆ. ದೇವರೇ ಹೇಳಿ ಮೋಶೆಯಿಂದ ಮಾಡಿಸಿದ ತಾಮ್ರದ ಸರ್ಪ ಅದು, ಜನ ಅದಕ್ಕೇ ಧೂಪ ಹಾಕತೊಡಗಿದರು, ಹಿಜ್ಕೀಯ ರಾಜ ಒಡೆದುಹಾಕಿದ. ಪ್ರತಿಮೆ ಇಡಬೇಕೋ ಬೇಡವೋ ಅಂತ ಕ್ಯಾಥೋಲಿಕರೂ ಪ್ರೊಟೆಸ್ಟಂಟರೂ ಬಹಳ ಕಾಲದಿಂದ ಕಿತ್ತಾಡುತ್ತಿದ್ದಾರೆ, ಅದು ಇರಲಿ. ನಿಮ್ಮ ಕೊರಳಿನ ಶಿಲುಬೆ ಕಳೆದುಹೋದರೆ ಇನ್ನು ಕಾಪಾಡುವವರಿಲ್ಲ ಅನ್ನಿಸುತ್ತದಾ? ಪ್ರಾರ್ಥನೆ ಮಾಡಿಕೊಟ್ಟ ಎಣ್ಣೆ ಬಾಟಲಿ ಮೇಲೆ ಕ್ರಿಸ್ತನಿಗಿಂತ ಜಾಸ್ತಿ ನಂಬಿಕೆ ಇದೆಯಾ? ಪಾಸ್ಟರ್ ಹೇಳಿದ್ದನ್ನು ಬೈಬಲ್ ತೆರೆದು ನೋಡಲೂ ಭಯವಾ? ಕೊಲೊಸ್ಸೆ 3:5 ದುರಾಸೆಯನ್ನೂ ವಿಗ್ರಹಾರಾಧನೆಯ ಪಟ್ಟಿಗೆ ಸೇರಿಸುತ್ತದೆ, ಅದಕ್ಕೆ ಮೂರ್ತಿಯೂ ಬೇಕಿಲ್ಲ.