ಹೊರಗೆ ಕಳಿಸಿದ್ದು ಅವನಿಗೆ ಶಿಕ್ಷೆಯೇ ಆಗಿರಲಿಲ್ಲ

ಬರೆಯುವ ಹೊತ್ತು ಬಂದರೆ ಸಾಕು, ಆ ಹುಡುಗ ನೋಟ್‌ಬುಕ್ ಎಸೆಯುತ್ತಿದ್ದ. ಎಂಟು ವರ್ಷದ ಮಗು. ಓದುವುದರಲ್ಲಿ ಚುರುಕು, ಲೆಕ್ಕವನ್ನು ಬಾಯಲ್ಲೇ ಹೇಳಿಬಿಡುತ್ತಿದ್ದ. ಕೈಗೆ ಪೆನ್ಸಿಲ್ ಕೊಟ್ಟರೆ ಮಾತ್ರ ಹತ್ತು ನಿಮಿಷದೊಳಗೆ ಪುಸ್ತಕ ಗೋಡೆಗೆ ಬಡಿಯುತ್ತಿತ್ತು. ನಾನು ಗದರುತ್ತಿದ್ದೆ. "ಎದ್ದು ಹೊರಗೆ ಹೋಗು" ಅನ್ನುತ್ತಿದ್ದೆ. ಅವನು ಹೋಗಿ ಬಾಗಿಲ ಪಕ್ಕ ನಿಲ್ಲುತ್ತಿದ್ದ. ತರಗತಿ ಶಾಂತವಾಗುತ್ತಿತ್ತು. ನನಗೂ ಹಾಯೆನಿಸುತ್ತಿತ್ತು.

ಎಷ್ಟು ಸಲ ಎಸೆಯುತ್ತಾನೆ ಅಂತ ಲೆಕ್ಕ ಇಡಲು ಶುರು ಮಾಡಿದೆ. ಮೇಜಿನ ಮೇಲೊಂದು ಚೀಟಿ, ಎಸೆದಾಗಲೆಲ್ಲ ಒಂದು ಗೀಟು. ಮೊದಲ ವಾರ ದಿನಕ್ಕೆ ಎರಡು ಗೀಟು. ಮೂರನೇ ವಾರಕ್ಕೆ ಐದು, ಕೆಲವು ದಿನ ಆರು. ನಾನು ಶಿಕ್ಷೆ ಕೊಡುತ್ತಲೇ ಇದ್ದೆ, ಎಸೆಯುವುದು ಜಾಸ್ತಿಯಾಗುತ್ತಲೇ ಇತ್ತು.

ಆಮೇಲೆ ಚೀಟಿಯಲ್ಲಿ ಮೂರು ಕಾಲಂ ಮಾಡಿದೆ. ಎಸೆಯುವ ಮೊದಲು ಏನಾಗುತ್ತಿತ್ತು, ಅವನು ಏನು ಮಾಡಿದ, ಅದಾದ ತಕ್ಷಣ ಏನಾಯಿತು. ಒಂದು ವಾರ ಬರೆದು ನೋಡಿದಾಗ ಮೊದಲ ಕಾಲಂನಲ್ಲಿ ಎಲ್ಲೆಲ್ಲೂ "ಬರವಣಿಗೆ", ಕೊನೆಯ ಕಾಲಂನಲ್ಲಿ ಎಲ್ಲೆಲ್ಲೂ "ಹೊರಗೆ ಕಳಿಸಿದೆ". ಅವನಿಗೆ ಬೇಕಾಗಿದ್ದು ಬರವಣಿಗೆಯಿಂದ ಬಿಡುಗಡೆ. ಅದನ್ನು ನಾನೇ ದಿನಾ ಕೊಡುತ್ತಿದ್ದೆ.

1898ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಬೆಕ್ಕುಗಳ ಮೇಲಿನ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಪೆಟ್ಟಿಗೆಯೊಳಗಿನ ಬೆಕ್ಕು ಮೊದಮೊದಲು ಪರಚುತ್ತದೆ, ಕಚ್ಚುತ್ತದೆ, ಒದ್ದಾಡುತ್ತದೆ. ಹೇಗೋ ಒಮ್ಮೆ ಬಾಗಿಲು ತೆರೆದುಕೊಳ್ಳುತ್ತದೆ. ಸಲದಿಂದ ಸಲಕ್ಕೆ ಒದ್ದಾಟ ಕಡಿಮೆಯಾಗುತ್ತದೆ, ಬಾಗಿಲು ತೆಗೆಯುವ ಆ ಒಂದು ಕೆಲಸ ಉಳಿದುಕೊಳ್ಳುತ್ತದೆ. ನನ್ನ ಹುಡುಗನೂ ಚಿಲಕ ಎಲ್ಲಿದೆ ಅಂತ ಕಂಡುಕೊಂಡಿದ್ದ, ಅಷ್ಟೇ.

ಇದಕ್ಕೆ ಪುಸ್ತಕಗಳಲ್ಲಿ ಋಣಾತ್ಮಕ ಪುನರ್ಬಲನ ಅನ್ನುತ್ತಾರೆ. ಹೆಸರು ಕೇಳಿ ತುಂಬಾ ಜನ ಇದನ್ನು ಶಿಕ್ಷೆ ಅಂದುಕೊಳ್ಳುತ್ತಾರೆ. ಪುನರ್ಬಲನ ಅಂದರೆ ಒಂದು ವರ್ತನೆಯನ್ನು ಗಟ್ಟಿ ಮಾಡುವುದು. ಇಲ್ಲಿ ಋಣ ಅಂದರೆ ಕಳೆಯುವುದು, ಧನ ಅಂದರೆ ಕೂಡಿಸುವುದು. ಒಳ್ಳೆಯದು ಕೆಟ್ಟದ್ದು ಅನ್ನುವ ಅರ್ಥವೇ ಇಲ್ಲ. ಕಿರಿಕಿರಿಯೊಂದು ತೊಲಗಿದ್ದರಿಂದ ಒಂದು ವರ್ತನೆ ಗಟ್ಟಿಯಾದರೆ ಅದು ಋಣಾತ್ಮಕ ಪುನರ್ಬಲನ. ಇಷ್ಟದ್ದು ಸಿಕ್ಕಿದ್ದರಿಂದ ಗಟ್ಟಿಯಾದರೆ ಧನಾತ್ಮಕ. ವರ್ತನೆ ಕಡಿಮೆಯಾದರೆ ಮಾತ್ರ ಅದಕ್ಕೆ ಶಿಕ್ಷೆ ಅನ್ನಬಹುದು. ನಾನು ಎಷ್ಟು ಸಿಟ್ಟಿನಿಂದ ಕೊಟ್ಟೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ನಾನು ಗದರಿದ ಕೂಡಲೇ ಗಲಾಟೆ ನಿಲ್ಲುತ್ತಿತ್ತಲ್ವಾ? ಅಂದರೆ ನನಗೂ ಒಂದು ಕಿರಿಕಿರಿ ತಪ್ಪುತ್ತಿತ್ತು. ಅವನಿಗೆ ಎಸೆಯುವುದು ರೂಢಿಯಾದ ಹಾಗೆ ನನಗೆ ಗದರುವುದು ರೂಢಿಯಾಗಿತ್ತು. ಗದರಿ ಬೆಳೆಸುವ ಹಿರಿಯರು ಕ್ರೂರಿಗಳು ಅಂತ ನನಗೆ ಅನಿಸುವುದಿಲ್ಲ. ಗದರಿದ್ದರ ಫಲ ಆ ಕ್ಷಣದಲ್ಲೇ ಸಿಗುತ್ತದೆ, ನಷ್ಟ ವಾರಗಳ ಮೇಲೆ ಕಾಣುತ್ತದೆ. ಹಾಗಾಗಿ ಗೀಟು ಎಳೆದು ಎಣಿಸದೆ ಅದು ಗೊತ್ತಾಗುವುದೇ ಇಲ್ಲ.

ಬಿಡುಗಡೆ ಬೇಕು ಅಂದರೆ ಬಿಡುಗಡೆಯನ್ನೇ ಕೊಡೋಣ, ಆದರೆ ಕೇಳುವ ರೀತಿ ಬದಲಾಗಲಿ ಅಂತ ನಿರ್ಧರಿಸಿದೆ. ಒಂದು ರಟ್ಟಿನ ಚೂರಿನ ಮೇಲೆ "ವಿರಾಮ" ಅಂತ ಬರೆದು ಅವನ ಡೆಸ್ಕಿನ ಮೂಲೆಗೆ ಅಂಟಿಸಿದೆ. ಸಾಕಾದಾಗ ಅದನ್ನು ಕಿತ್ತು ನನ್ನ ಕೈಗೆ ಕೊಡಬೇಕು. ಕೊಟ್ಟ ತಕ್ಷಣ ಎರಡು ನಿಮಿಷ ಬಿಡುವು. ತಕ್ಷಣ ಅನ್ನುವುದು ಮುಖ್ಯ. ಮೊದಲ ದಿನಗಳಲ್ಲಿ ನಾನು "ಇರು, ಬಂದೆ" ಅನ್ನಲೂ ಇಲ್ಲ. ಕಾರ್ಡು ಕೈಗೆ ಬಂತು, ಬಿಡುವು ಸಿಕ್ಕಿತು. ಬರೆಯುವ ಕೆಲಸವನ್ನೂ ಎಂಟು ಸಾಲಿನಿಂದ ಮೂರು ಸಾಲಿಗೆ ಇಳಿಸಿದೆ.

ಎಸೆದರೆ ಏನು ಮಾಡುವುದು? ಬೈಗುಳ ಇಲ್ಲ, ಹೊರಗೆ ಕಳಿಸುವುದೂ ಇಲ್ಲ. ಪುಸ್ತಕ ಎತ್ತಿ ಮುಂದಿಟ್ಟು, ಕಾರ್ಡಿನ ಕಡೆ ಬೆರಳು ತೋರಿಸಿ ಸುಮ್ನೆ ನಿಲ್ಲುತ್ತಿದ್ದೆ. ಯಾರಿಗೂ ಪೆಟ್ಟಾಗದ ಎಸೆತವಾಗಿದ್ದರಿಂದ ಹೀಗೆ ಮಾಡಲು ಧೈರ್ಯ ಬಂತು. ಮಗು ತನಗೋ ಬೇರೆಯವರಿಗೋ ನೋವು ಮಾಡುವಂತಿದ್ದರೆ ಕಾದು ನೋಡುವ ಮಾತೇ ಇಲ್ಲ, ಮೊದಲು ತಡೆಯಬೇಕು.

ಮೂರನೇ ದಿನ ಪರಿಸ್ಥಿತಿ ತೀರಾ ಕೆಟ್ಟಿತು. ಪುಸ್ತಕದ ಜೊತೆ ಪೆನ್ಸಿಲ್ ಡಬ್ಬಿಯೂ ಹಾರಿತು, ಡೆಸ್ಕಿಗೆ ಒದೆ ಬಿತ್ತು. ಇಷ್ಟು ದಿನ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದರೆ ಯಾರಾದರೂ ಇನ್ನೂ ಜೋರಾಗಿ ತಳ್ಳುತ್ತಾರೆ. ಓದಿ ತಿಳಿದಿದ್ದೆ, ಆದರೂ ಕೈ ನಡುಗಿತು. ಆವತ್ತು ಸೋತು ಹೊರಗೆ ಕಳಿಸಿದ್ದರೆ, ಜೋರಾಗಿ ಎಸೆದರೆ ಕೆಲಸ ಆಗುತ್ತದೆ ಅಂತ ಕಲಿಸಿದ ಹಾಗೆ ಆಗುತ್ತಿತ್ತು. ತಡೆದುಕೊಂಡೆ. ಎರಡನೇ ವಾರದ ಕೊನೆಗೆ ಗೀಟು ದಿನಕ್ಕೆ ಒಂದಕ್ಕೆ ಇಳಿಯಿತು.

ಅಷ್ಟರಲ್ಲಿ ನಾನು ಒಂದು ದಿನ ರಜೆ ಹಾಕಿದೆ. ಬದಲಿಗೆ ಬಂದವರಿಗೆ ವಿಷಯ ಹೇಳಿರಲಿಲ್ಲ, ಅವರು ಹೊರಗೆ ನಿಲ್ಲಿಸಿದರು. ತಪ್ಪು ನನ್ನದೇ. ಆ ಒಂದು ಸಲದಿಂದ ಮತ್ತೆ ನಾಲ್ಕು ದಿನ ಎಸೆತ ನಡೆಯಿತು. ಅಮೆರಿಕದಲ್ಲಿ ಸುಮಾರು 21 ತಿಂಗಳ ಮಗುವೊಂದರ ಬಗ್ಗೆ 1959ರಲ್ಲಿ ಪ್ರಕಟವಾದ ವರದಿಯಲ್ಲೂ ಇದೇ ಆಗಿತ್ತು. ಅತ್ತರೂ ಯಾರೂ ಹೋಗದಿದ್ದರಿಂದ ಮಲಗಿಸುವಾಗ ಅಳುವುದನ್ನು ಮಗು ಬಿಟ್ಟಿತ್ತು. ಒಂದು ರಾತ್ರಿ ಅದರ ಅಳುವಿಗೆ ಸಂಬಂಧಿಕರೊಬ್ಬರು ಓಗೊಟ್ಟರು, ಮೊದಲಿನಿಂದ ಶುರು ಮಾಡಬೇಕಾಯಿತು. ಆಗೊಮ್ಮೆ ಈಗೊಮ್ಮೆ ಫಲ ಕೊಡುವ ವರ್ತನೆ ಯಾವಾಗಲೂ ಫಲ ಕೊಡುವುದಕ್ಕಿಂತ ಹಠಮಾರಿ. ಈಗ ನನ್ನ ಮೇಜಿನ ಮೇಲೆ ಬದಲಿ ಶಿಕ್ಷಕರಿಗೆಂದೇ ಒಂದು ಚೀಟಿ ಇರುತ್ತದೆ.

ಮೆಚ್ಚುಗೆಯ ವಿಷಯದಲ್ಲೂ ಎಡವಿದೆ. ಮೊದಲ ಸಲ ಮೂರು ಸಾಲು ಮುಗಿಸಿದಾಗ ಎಲ್ಲರ ಮುಂದೆ ಚಪ್ಪಾಳೆ ಹೊಡೆಸಿದೆ. ಅವನು ತಲೆ ತಗ್ಗಿಸಿದ, ಮರುದಿನ ಒಂದೇ ಸಾಲಿಗೆ ನಿಲ್ಲಿಸಿದ. ಸ್ಟಿಕ್ಕರ್ ಕೊಟ್ಟೆ, ಪಕ್ಕದವನಿಗೆ ಕೊಟ್ಟುಬಿಟ್ಟ. ಹಾಗಾದರೆ ಬಿಡುವಿದ್ದಾಗ ತಾನಾಗಿಯೇ ಏನು ಮಾಡುತ್ತಾನೆ ಅಂತ ನೋಡಿದೆ. ಬೋರ್ಡ್ ಒರೆಸುತ್ತಿದ್ದ. ಯಾರೂ ಹೇಳದಿದ್ದರೂ ಅಂಚಿನ ತನಕ ನೀಟಾಗಿ ಒರೆಸುತ್ತಿದ್ದ. ಮಗು ಹೆಚ್ಚು ಮಾಡಲು ಬಯಸುವ ಕೆಲಸವನ್ನೇ ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಿ ಇಡಬಹುದು ಅಂತ ಮನಶ್ಶಾಸ್ತ್ರಜ್ಞ ಪ್ರೀಮ್ಯಾಕ್ ತೋರಿಸಿಕೊಟ್ಟಿದ್ದೂ 1959ರಲ್ಲೇ. ಮೂರು ಸಾಲು ಬರೆ, ಬೋರ್ಡ್ ನಿನ್ನದು ಅಂದೆ. ಮುಗಿಸಿದಾಗ ಹತ್ತಿರ ಹೋಗಿ ಮೆಲ್ಲಗೆ "ಮೂರೂ ಸಾಲು ಗೆರೆ ಮೇಲೇ ಕೂತಿವೆ" ಅಂದೆ. ಆವತ್ತು ನಾಲ್ಕನೇ ಸಾಲನ್ನು ಕೇಳದೇ ಬರೆದ.

ಆಮೇಲೆ ಮೆಲ್ಲನೆ ಏರಿಸಿದೆ. ಕಾರ್ಡು ಕೊಟ್ಟಾಗ "ಇನ್ನೊಂದು ಪದ, ಆಮೇಲೆ ಬಿಡುವು". ವಾರದ ಮೇಲೆ ಇನ್ನೊಂದು ಸಾಲು. ಬೆರಳು ನೋಯುತ್ತದೆ ಅಂತ ಅವನು ಒಂದು ದಿನ ಹೇಳಿದ. ಆಗ ದಪ್ಪ ಪೆನ್ಸಿಲ್ ತಂದುಕೊಟ್ಟೆ. ಅದನ್ನು ಮೊದಲೇ ಕೇಳಬೇಕಿತ್ತು.

ಮೂರು ತಿಂಗಳಾಯಿತು. ಈಗ ಆರು ಸಾಲು ಬರೆಯುತ್ತಾನೆ, ದಿನಕ್ಕೆ ಎರಡು ಸಲ ಕಾರ್ಡು ಕೊಡುತ್ತಾನೆ. ಬೋರ್ಡ್ ನೋಡಿ ನಕಲು ಮಾಡುವುದು ಬಂದಾಗ ಮಾತ್ರ ಇನ್ನೂ ಪುಸ್ತಕ ತಳ್ಳುತ್ತಾನೆ. ಅದಕ್ಕೆ ಬೇರೆಯದೇ ಚೀಟಿ ಇಟ್ಟು, ಈ ವಾರ ಮೊದಲ ಕಾಲಂ ತುಂಬಿಸುತ್ತಿದ್ದೇನೆ.