ಡಿಕ್ಕಿ ಬಾಗಿಲು ನಿಲ್ಲದಿದ್ದರೆ: ಬಾಗಿಲನ್ನೇ ತೂಗಿ ಶಾಕರ್ ಬದಲಿಸಿದ ರೀತಿ

ಡಿಕ್ಕಿ ಬಾಗಿಲು ನಿಲ್ಲುತ್ತಿಲ್ಲ ಎಂದು ಅಂಗಡಿಗೆ ಹೋದರೆ ಮೊದಲು ಕೇಳುವುದು ಗಾಡಿಯ ಹೆಸರು, ಆಮೇಲೆ ವರ್ಷ. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗೆ ಅಷ್ಟು ಸಾಕು. ಕಲ್ಲುದಾರಿ, ಕಾಡುದಾರಿಗೆ ಓಡಿಸುವ ಫೋರ್ ಬೈ ಫೋರ್ ಗಾಡಿಗಳ ಕಥೆ ಬೇರೆ. ಏಣಿ, ಹಿಂದಿನ ಲೈಟು, ಮಡಚುವ ಟೇಬಲ್ಲು, ಸಲಿಕೆಯ ಕ್ಲಾಂಪು ಎಂದು ಒಂದೊಂದೇ ಸಾಮಾನು ಆ ಬಾಗಿಲ ಮೇಲೆ ಏರಿ, ತೂಕ ಕಂಪನಿಯ ಲೆಕ್ಕ ಮೀರಿರುತ್ತದೆ. ಅಂಥ ಬಾಗಿಲಿಗೆ ಗಾಡಿಯ ಹೆಸರು ಹೇಳಿ ತಂದ, ಬಾಗಿಲನ್ನು ಎತ್ತಿ ಹಿಡಿಯುವ ಹೊಸ ಶಾಕರ್ ಕೂಡ ಮೊದಲ ದಿನವೇ ಸೋಲಬಹುದು. ಹಾಗಾಗಿ ನಾನು ಬಾಗಿಲನ್ನೇ ತೂಗಿ, ಬಲ ಲೆಕ್ಕ ಹಾಕಿ, ಆಮೇಲೆ ಕೊಂಡೆ. ಆ ಕೆಲಸವನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಇದು ಮೇಲಕ್ಕೆ ಎತ್ತುವ ಬಾಗಿಲಿಗೆ ಮಾತ್ರ. ಗೂರ್ಖಾ, ಜಿಮ್ನಿ, ಸ್ಕಾರ್ಪಿಯೊ-ಎನ್ ತರಹ ಪಕ್ಕಕ್ಕೆ ತೆರೆಯುವ ಬಾಗಿಲಿನಲ್ಲಿ ತೂಕ ಹೊರುವುದು ಹಿಂಜು (ಬಾಗಿಲು ತಿರುಗುವ ಕೀಲು), ಅಲ್ಲಿ ಈ ಲೆಕ್ಕ ಹೊಂದುವುದಿಲ್ಲ. ಬಟನ್ ಒತ್ತಿದರೆ ಮೋಟಾರಿನಲ್ಲಿ ಏಳುವ ಬಾಗಿಲಿಗೂ ಇದು ಬೇಡ.

ಶಾಕರ್ ಎಂದು ಕರೆದರೂ ಇದು ಗ್ಯಾಸ್ ತುಂಬಿದ ಕೊಳವೆ. ಒಳಗೆ ಹೆಚ್ಚಿನ ಒತ್ತಡದ ನೈಟ್ರೋಜನ್, ಸೀಲ್ ಒಣಗದಿರಲೆಂದು ಮತ್ತು ರಾಡು ಕೊನೆಯಲ್ಲಿ ನಿಧಾನಿಸಲೆಂದು ಸ್ವಲ್ಪ ಎಣ್ಣೆ, ಸಣ್ಣ ತೂತಿರುವ ಪಿಸ್ಟನ್ನು. ಪಿಸ್ಟನ್ನಿನ ಎರಡೂ ಕಡೆ ಅದೇ ಒತ್ತಡ ಇರುವುದರಿಂದ ಹೊರಗೆ ತಳ್ಳುವ ಬಲ ಬರುವುದು ರಾಡಿನ ದಪ್ಪದಷ್ಟು ಜಾಗದಿಂದ ಮಾತ್ರ. 8 ಮಿ.ಮೀ. ರಾಡಿನ ಅಡ್ಡಕೊಯ್ತ ಸುಮಾರು 50 ಚದರ ಮಿ.ಮೀ. ಅದರಿಂದ 500 ನ್ಯೂಟನ್ ಬಲ, ಅಂದರೆ ಸುಮಾರು 51 ಕೆಜಿಯ ಭಾರ, ಬರಬೇಕಾದರೆ ಒಳಗಿನ ಒತ್ತಡ ಹತ್ತಿರ ಹತ್ತಿರ 100 ಬಾರ್ ಇರಬೇಕು. ಲಾರಿ ಟೈರಿನ ಗಾಳಿ 8 ಬಾರ್ ಆಸುಪಾಸು ಎಂದು ನೆನೆದರೆ ಇದರ ಬಿಗಿ ಎಷ್ಟೆಂದು ತಿಳಿಯುತ್ತದೆ.

ಕೊಳವೆಯ ಮೇಲಿನ ಚೀಟಿಯಲ್ಲಿರುವ ಅಂಕಿ 20 ಡಿಗ್ರಿ ಬಿಸಿಯಲ್ಲಿನ ಬಲ. ಒಂದು ಡಿಗ್ರಿ ಏರಿಳಿದರೆ ಬಲ ಶೇ 0.34ರಷ್ಟು ಏರಿಳಿಯುತ್ತದೆ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯಲ್ಲಿ 500ರ ಶಾಕರ್ 534 ನ್ಯೂಟನ್ ತಳ್ಳುತ್ತದೆ. ಚಳಿಗಾಲದ ಬೆಳಗಿನ 15 ಡಿಗ್ರಿಯಲ್ಲಿ ಅದೇ ಶಾಕರ್ 491ಕ್ಕೆ ಇಳಿಯುತ್ತದೆ. ಮಧ್ಯಾಹ್ನ ನಿಲ್ಲುವ ಬಾಗಿಲು ಬೆಳಗಿನ ಜಾವ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ಕುಸಿಯುತ್ತದೆ ಎಂದರೆ ಶಾಕರ್ ಮುಗಿಯುತ್ತಾ ಬಂದಿದೆ ಎಂದೇ ಅರ್ಥ. ಇದು ಮೊದಲ ಲಕ್ಷಣ, ಮತ್ತು ಎಲ್ಲಕ್ಕಿಂತ ಅಪಾಯದ ಲಕ್ಷಣ. ಪೂರ್ತಿ ಸತ್ತ ಶಾಕರ್ ಇದ್ದರೆ ಯಾರೂ ಬಾಗಿಲನ್ನು ನಂಬುವುದಿಲ್ಲ, ಕೋಲು ಕೊಡುತ್ತಾರೆ. ಅರ್ಧ ಜೀವದ್ದು ನಿಂತಂತೆ ತೋರಿಸಿ, ಗಾಳಿ ಬೀಸಿದಾಗ ತಲೆಯ ಮೇಲೆ ಬೀಳುತ್ತದೆ.

ಶಾಕರ್ ಮೇಲೆ ತಪ್ಪು ಹೊರಿಸುವ ಮೊದಲು ಮೂರು ಕಡೆ ನೋಡಬೇಕು. ಮೊದಲನೆಯದು ಬಾಗಿಲಿನ ಕೆಳಅಂಚಿನಲ್ಲಿ ನೀರು ಹೋಗುವ ತೂತುಗಳು. ಎರೆಮಣ್ಣು ಒಮ್ಮೆ ಅಲ್ಲಿ ಕೂತು ಒಣಗಿದರೆ ಮುಚ್ಚಳ ಹಾಕಿದಂತೆ, ವಾಟರ್ ಸರ್ವಿಸ್ ಮಾಡಿಸಿದ ನೀರೆಲ್ಲ ಬಾಗಿಲ ಹೊಟ್ಟೆಯಲ್ಲಿ ಉಳಿದು ತೂಕ ಏರುತ್ತದೆ. ಸೈಕಲ್ಲಿನ ಕಡ್ಡಿಯಿಂದ ಚುಚ್ಚಿ ಬಿಡಿಸಬೇಕು. ಎರಡನೆಯದು ಹಿಂಜು: ಎರಡೂ ಶಾಕರ್ ಬಿಚ್ಚಿದ ಮೇಲೆ ಬಾಗಿಲು ಎಲ್ಲೂ ಹಿಡಿಯದೆ ಸಲೀಸಾಗಿ ಆಡಬೇಕು. ಮೂರನೆಯದು ಶಾಕರ್ ಕೂರುವ ಗುಂಡು, ಅಂದರೆ ಬಾಲ್ ಸ್ಟಡ್. ಉಬ್ಬುತಗ್ಗಿನ ದಾರಿಯಲ್ಲಿ ಬಾಡಿ ತಿರುಚಿ ತಿರುಚಿ ಇದರ ಮರೆ (ತಿರುಪಿನ ಸುತ್ತು) ಸಡಿಲವಾಗುತ್ತದೆ, ಕೆಲವೊಮ್ಮೆ ಸುತ್ತಲಿನ ತಗಡು ನಕ್ಷತ್ರದ ಹಾಗೆ ಬಿರುಕು ಬಿಟ್ಟಿರುತ್ತದೆ. ಬಿರುಕಿರುವ ತಗಡಿನ ಮೇಲೆ ಹೊಸ ಶಾಕರ್ ಕೂರಿಸಿದರೆ ಗುಂಡು ಕಿತ್ತು ಬರುತ್ತದೆ. ಮೊದಲು ಒಳಗಿನಿಂದ 3 ಮಿ.ಮೀ. ಪಟ್ಟಿ ಕೊಟ್ಟು ಬಲಪಡಿಸಬೇಕು. ಬೆಸುಗೆ ಹಾಕಿಸುವುದಿದ್ದರೆ ಶಾಕರ್ ಬಿಚ್ಚಿ ದೂರ ಇಟ್ಟು ಹಾಕಿಸಬೇಕು.

ಶಾಕರ್ ಕೆಡುವುದಕ್ಕೆ ಒಂದು ಮುಖ್ಯ ಕಾರಣ ರಾಡಿನ ಮೇಲಿನ ಗೀರು. ರಾಡಿನ ಮೇಲ್ಮೈ ಕನ್ನಡಿಯಂತೆ ನಯವಾಗಿರುವವರೆಗೆ ಸೀಲ್ ಗ್ಯಾಸ್ ಹಿಡಿದುಕೊಂಡಿರುತ್ತದೆ. ಚಿತ್ರದುರ್ಗದ ಕಡೆಯ ಗರಸು ದೂಳು, ಭೀಮಸಮುದ್ರದ ಕಡೆ ಅದಿರಿನ ದೂಳು ಇವೆಲ್ಲ ಉಜ್ಜುವ ಜಾತಿಯವು. ಇದಕ್ಕೆ ಗ್ರೀಸ್ ಹಚ್ಚಿದರೆ ಇನ್ನೂ ಕೆಡುಕು, ದೂಳು ಅಂಟಿ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಒಣ ಬಟ್ಟೆಯಲ್ಲಿ ಒರೆಸುವುದೇ ಸರಿ. ರಾಡು ಕೊಳವೆಗೆ ಸೇರುವ ಕಡೆ ಎಣ್ಣೆಯ ಉಂಗುರ ಕಂಡರೆ ಸೀಲ್ ಹೋಗಿದೆ. ಎಣ್ಣೆ ಕಾಣದಿದ್ದರೂ ಗ್ಯಾಸ್ ಮಾತ್ರ ಸೋರಿರಬಹುದು, ಅದನ್ನು ತಕ್ಕಡಿಯೇ ಹೇಳಬೇಕು.

ಅದಕ್ಕೆ ಮನೆಯ ತೂಕದ ಯಂತ್ರ ಸಾಕು. ಮರದ ತುಂಡಿನಲ್ಲಿ ರಾಡಿನ ತುದಿ ಕೂರುವಷ್ಟು ಕುಳಿ ತೋಡಿ ಯಂತ್ರದ ಮೇಲಿಟ್ಟು, ಬಿಚ್ಚಿದ ಶಾಕರನ್ನು ರಾಡು ಕೆಳಗಾಗಿ ನೆಟ್ಟಗೆ ನಿಲ್ಲಿಸಿ, ಮೇಲಿನ ತುದಿಗೆ ಇನ್ನೊಂದು ಮರದ ತುಂಡು ಇಟ್ಟು ನಿಧಾನವಾಗಿ ಭಾರ ಹಾಕಬೇಕು. ಮುಖ ಮೇಲೆ ತರಬಾರದು. ರಾಡು ಒಳಗೆ ಸರಿಯಲು ಶುರುವಾದಾಗ ಕಾಣುವ ಕೆಜಿಯನ್ನು 9.8ರಿಂದ ಗುಣಿಸಿದರೆ ನ್ಯೂಟನ್. 500ರ ಶಾಕರ್ ಸರಿಯಿದ್ದರೆ 51 ಕೆಜಿ ಹತ್ತಿರ ತೋರಿಸಬೇಕು. ಸೀಲಿನ ತಿಕ್ಕಾಟದಿಂದ ಒಂದೆರಡು ಕೆಜಿ ಹೆಚ್ಚೇ ಬರುತ್ತದೆ. ನನ್ನ ಹಳೆಯ ಜೋಡಿಯಲ್ಲಿ ಒಂದು 41 ತೋರಿಸಿತು, ಇನ್ನೊಂದು 38. ಅಂದರೆ ಬಾಗಿಲು ಎತ್ತಲಾರದ ಶಾಕರ್‌ನಲ್ಲೂ ನಾಲ್ಕರಲ್ಲಿ ಮೂರು ಪಾಲಿನಷ್ಟು ಒತ್ತಡ ಹಾಗೇ ಉಳಿದಿತ್ತು. ಖಾಲಿಯಾಗಿದೆ ಎಂದು ಅದನ್ನು ಕೊಯ್ಯುವವರು ಈ ಅಂಕಿಯನ್ನು ನೆನಪಿಡಬೇಕು.

ಈಗ ಬಾಗಿಲ ತೂಕ. ಬಿಚ್ಚಿ ತೂಗಬೇಕಿಲ್ಲ, ಹಿಂಜಿನ ಮೇಲೇ ತೂಗಬಹುದು. ಕೊಕ್ಕೆ ಇರುವ ಡಿಜಿಟಲ್ ತಕ್ಕಡಿಯನ್ನು ಶೆಡ್ಡಿನ ತೊಲೆಗೆ ಹಗ್ಗದಲ್ಲಿ ಕಟ್ಟಿ, ಎರಡೂ ಶಾಕರ್ ಬಿಚ್ಚಿ, ಬಾಗಿಲು ನೆಲಕ್ಕೆ ಸಮಾನಾಂತರವಾಗಿ ನಿಲ್ಲುವ ಹಾಗೆ ಬೀಗದ ಕಡೆಯ ಅಂಚನ್ನು ನೆಟ್ಟಗೆ ತೂಗುಹಾಕಬೇಕು. ಹಗ್ಗ ಜಾರಿದರೆ ಬಾಗಿಲು ಬೀಳದಂತೆ ಒಂದಿಂಚು ಕೆಳಗೆ ಬಿದಿರಿನ ಕೋಲು ಕಡ್ಡಾಯವಾಗಿ ನಿಲ್ಲಿಸಿರಬೇಕು. ಏಣಿ, ಲೈಟು ಇಲ್ಲದೆ ತಕ್ಕಡಿ 14 ಕೆಜಿ ತೋರಿಸಿತು. ಎಲ್ಲ ಕೂರಿಸಿದಾಗ 17. ಹಿಂಜಿನಿಂದ ಕೊಕ್ಕೆಗೆ ಇದ್ದ ದೂರ 1 ಮೀಟರ್. 17ನ್ನು 9.8ರಿಂದಲೂ ಆ ದೂರದಿಂದಲೂ ಗುಣಿಸಿದರೆ 166.6 ನ್ಯೂಟನ್ ಮೀಟರ್. ಇದು ಬಾಗಿಲು ಕೆಳಗೆ ಬೀಳಲು ಹಾಕುವ ತಿರುಚು.

ಶಾಕರ್ ಆ ತಿರುಚನ್ನು ತಡೆಯುವುದು ಹಿಂಜಿಗೆ ತೀರ ಹತ್ತಿರದಿಂದ. ಎಷ್ಟು ಹತ್ತಿರ ಎಂದು ಅಳೆಯಲು ಬಾಗಿಲನ್ನು ಅದೇ ಸ್ಥಿತಿಯಲ್ಲಿಟ್ಟು, ಬಾಡಿಯ ಗುಂಡಿನಿಂದ ಬಾಗಿಲಿನ ಗುಂಡಿಗೆ ದಾರ ಬಿಗಿದು ಕಟ್ಟಬೇಕು. ಹಿಂಜಿನ ಪಿನ್ನು ಇರುವ ಜಾಗವನ್ನು ಬಾಡಿಯ ಪಕ್ಕದಲ್ಲಿ ಟೇಪು ಅಂಟಿಸಿ ಗುರುತು ಮಾಡಿ, ಬಡಗಿಯ ಮೂಲೆಮಟ್ಟದ ಒಂದು ತೋಳನ್ನು ದಾರಕ್ಕೆ ಒರಗಿಸಿ, ಇನ್ನೊಂದು ತೋಳು ಆ ಗುರುತನ್ನು ಮುಟ್ಟುವವರೆಗೆ ಸರಿಸಬೇಕು. ದಾರದಿಂದ ಗುರುತಿಗೆ ಬರುವ ನೇರ ಅಂತರವೇ ನಮಗೆ ಬೇಕಾದ್ದು. ನನ್ನದು 15 ಸೆಂ.ಮೀ. ಇಲ್ಲಿ 1 ಸೆಂ.ಮೀ. ತಪ್ಪಿದರೆ ಉತ್ತರ ಶೇ 7ರಷ್ಟು ತಪ್ಪುತ್ತದೆ, ಆದ್ದರಿಂದ ಎರಡೂ ಕಡೆ ಅಳೆದು ನೋಡುವುದು ಒಳ್ಳೆಯದು.

166.6ನ್ನು 0.15ರಿಂದ ಭಾಗಿಸಿದರೆ 1,111 ನ್ಯೂಟನ್. ಎರಡು ಶಾಕರ್ ಹಂಚಿಕೊಂಡರೆ ತಲಾ 555. ಚಳಿ, ಗಾಳಿ, ವರ್ಷ ಕಳೆದಂತೆ ಸೋರುವ ಗ್ಯಾಸು ಇವಕ್ಕೆ ಶೇ 15 ಸೇರಿಸಿದರೆ 640. ಅಂಗಡಿಯಲ್ಲಿ ಸಿಗುವ ಹತ್ತಿರದ ಅಂಕಿ 650. ಏಣಿ ಇಲ್ಲದ 14 ಕೆಜಿಗೆ ಇದೇ ಲೆಕ್ಕ ಹಾಕಿದರೆ ತಲಾ 457 ಬರುತ್ತದೆ. ಕಂಪನಿ 500ರ ಶಾಕರ್ ಕೊಟ್ಟಿದ್ದು ಆ ಖಾಲಿ ಬಾಗಿಲಿಗೆ ಸರಿಯಾಗಿಯೇ ಇತ್ತು. ಏಣಿ ಹಾಕಿದ ಮೇಲೆ ಹೊಚ್ಚ ಹೊಸ 500 ತಂದರೂ 555ರ ಭಾರ ಹೊರಲಾರದು.

ಹಾಗೆಂದು 800 ತರಬಾರದು. “ಗಟ್ಟಿ ಇರೋದೇ ತಗೊಳ್ಳಿ ಅಣ್ಣ, ಬೀಳೋದೇ ಇಲ್ಲ” ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಬೀಳುವುದಿಲ್ಲ, ನಿಜ. ಆದರೆ ಬೀಗ ಬಿಡಿಸಿದ ಕೂಡಲೇ ಬಾಗಿಲು ಚಿಮ್ಮಿ ಹಿಂಜಿನ ಬೋಲ್ಟು ಸಡಿಲವಾಗುತ್ತದೆ, ಮುಚ್ಚಲು ಜೋತು ಬೀಳಬೇಕಾಗುತ್ತದೆ, ಗುಂಡು ಕೂತ ತಗಡು ದಣಿದು ಬಿರಿಯುತ್ತದೆ. ಲೆಕ್ಕಕ್ಕೆ ಬಂದ ಬಲದ ಮೇಲೆ ಶೇ 15ರಿಂದ 20 ಹೆಚ್ಚಿದ್ದರೆ ಸಾಕು.

ಉದ್ದದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಉದ್ದ ಅಳೆಯುವುದು ಒಂದು ಗುಂಡುಗುಣಿಯ (ಶಾಕರಿನ ತುದಿಯಲ್ಲಿ ಗುಂಡು ಕೂರುವ ಕುಳಿಯ) ನಡುವಿನಿಂದ ಇನ್ನೊಂದರ ನಡುವಿಗೆ, ಕೊಳವೆಯ ತುದಿಯಿಂದ ತುದಿಗಲ್ಲ. ರಾಡು ಪೂರ್ತಿ ಹೊರಬಂದಾಗಿನ ಉದ್ದ ಹಳೆಯದಕ್ಕಿಂತ ಹೆಚ್ಚಿದ್ದರೆ ಬಾಗಿಲು ಹಿಂಜಿನ ಮಿತಿ ಮೀರಿ ಏಳುತ್ತದೆ. ರಾಡು ಪೂರ್ತಿ ಒಳಸೇರಿದಾಗಿನ, ಅಂದರೆ ಮುಚ್ಚಿದ ಉದ್ದ ಹೆಚ್ಚಿದ್ದರೆ ಅದು ಇನ್ನೂ ಕೆಟ್ಟದ್ದು: ಬಾಗಿಲು ಕೂರುವ ಮೊದಲೇ ರಾಡು ತಳ ಮುಟ್ಟಿ, ಒತ್ತಿದ ಬಲವೆಲ್ಲ ಗುಂಡಿನ ಮೇಲೆ ಬಿದ್ದು ಗುಂಡು ಬಾಗುತ್ತದೆ, ಇಲ್ಲವೇ ತಗಡು ಹರಿಯುತ್ತದೆ. ಗುಂಡಿನ ದಪ್ಪವನ್ನೂ ಅಳೆಯಬೇಕು. ಹೆಚ್ಚಿನ ಗಾಡಿಗಳಲ್ಲಿ 10 ಮಿ.ಮೀ. ಈ ಅಳತೆಗಳನ್ನೆಲ್ಲ ಚೀಟಿಯಲ್ಲಿ ಬರೆದು, ಹಳೆಯ ಶಾಕರನ್ನೂ ಕೈಯಲ್ಲಿ ಹಿಡಿದು ದಾವಣಗೆರೆಯ ಪಿ.ಬಿ. ರಸ್ತೆಯ ಆಟೊಮೊಬೈಲ್ ಅಂಗಡಿಗಳಲ್ಲಿ ಕೇಳಬಹುದು. ಅಲ್ಲಿ ನ್ಯೂಟನ್ ಹೊಂದದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕಾಗುತ್ತದೆ. ತಗೊಳ್ಳುವುದು ಜೋಡಿಯಾಗಿಯೇ. ಒಂದು ಹೊಸದು, ಒಂದು ಹಳೆಯದು ಇದ್ದರೆ ಬಾಗಿಲು ಪ್ರತಿ ಸಲ ತಿರುಚಿಕೊಂಡು ಏಳುತ್ತದೆ, ಒಂದು ಮೂಲೆಯ ರಬ್ಬರು ಒತ್ತದೆ ದೂಳು ಒಳಗೆ ಬರುತ್ತದೆ.

ಹೊಸದು ಬರುವವರೆಗೆ ಓಡಾಡಬೇಕಲ್ಲ, ಅದಕ್ಕೆ ಅರ್ಧ ಇಂಚಿನ ಸಿಪಿವಿಸಿ ಪೈಪು ಒಳ್ಳೆಯ ಉಪಾಯ. ಬಾಗಿಲು ಪೂರ್ತಿ ಎತ್ತಿದಾಗ ಹೊರಗೆ ಕಾಣುವ ರಾಡಿನ ಉದ್ದಕ್ಕೆ ಪೈಪು ಕತ್ತರಿಸಿ, ಉದ್ದಕ್ಕೂ 9 ಮಿ.ಮೀ. ಅಗಲದ ಸೀಳು ತೆಗೆದು ರಾಡಿನ ಮೇಲೆ ತೊಡಿಸಿ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದರೆ ಬಾಗಿಲು ಅಲುಗದು. ಅದಕ್ಕೊಂದು ಕೆಂಪು ಬಟ್ಟೆ ಕಟ್ಟಬೇಕು, ಪೈಪು ತೆಗೆಯದೆ ಮುಚ್ಚಲು ಹೋದರೆ ಗುಂಡು ಹೋಯಿತೆಂದೇ ಲೆಕ್ಕ. ಕೆಲವರು ಲಾಕಿಂಗ್ ಪ್ಲೈಯರಿನಲ್ಲಿ ರಾಡನ್ನೇ ಕಚ್ಚಿಸುತ್ತಾರೆ. ಆ ಹಲ್ಲಿನ ಗುರುತು ಬಿದ್ದ ರಾಡು ಮತ್ತೆ ಕೆಲಸಕ್ಕೆ ಬಾರದು.

ಜೋಡಿಸುವುದು ಅರ್ಧ ಗಂಟೆಯ ಕೆಲಸ, ಇಬ್ಬರು ಬೇಕು. ಆಷಾಢದ ಗಾಳಿಯಲ್ಲಿ ಬಯಲಲ್ಲಿ ಬೇಡ, ಅದರಲ್ಲೂ ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡದ ಕಡೆ ಬೇಡವೇ ಬೇಡ. ಎತ್ತಿದ ಬಾಗಿಲು ಹಾಯಿಯಂತೆ ಗಾಳಿ ಹಿಡಿಯುತ್ತದೆ. ಗೋಡೆಯ ಮರೆಯಲ್ಲಿ ಸಮತಟ್ಟಾಗಿ ನಿಲ್ಲಿಸಿ, ಬಾಗಿಲನ್ನು ಪೂರ್ತಿ ಎತ್ತಿ, ತುದಿಗೆ ಬಟ್ಟೆ ಸುತ್ತಿದ ಕೋಲನ್ನು ಬೀಗದ ಹತ್ತಿರ ಕೊಡಬೇಕು. ಬಿಚ್ಚುವ ಮೊದಲು ಶಾಕರಿನ ದಪ್ಪ ತುದಿ ಯಾವ ಕಡೆಗಿದೆ ಎಂದು ಫೋಟೊ ತೆಗೆದಿಟ್ಟು ಹೊಸದನ್ನೂ ಹಾಗೆಯೇ ಹಾಕಬೇಕು. ಹಿಂದೆ ಯಾರೋ ಬದಲಿಸಿದ್ದು, ದಿಕ್ಕಿನ ಬಗ್ಗೆ ಅನುಮಾನವಿದ್ದರೆ ಬಾಗಿಲು ಮುಚ್ಚಿದಾಗ ರಾಡು ಕೆಳಮುಖವಾಗಿರುವಂತೆ ನೋಡಬೇಕು. ಗಾಡಿ ಹೆಚ್ಚು ಹೊತ್ತು ಇರುವುದು ಬಾಗಿಲು ಮುಚ್ಚಿಯೇ, ಆಗ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತಿರಬೇಕು.

ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆ ಕೈ ಹಾಕಬೇಕು. ಗುಂಡುಗುಣಿಯ ಬೆನ್ನಿನ ಮೇಲಿರುವ ಸ್ಪ್ರಿಂಗ್ ಕ್ಲಿಪ್ಪನ್ನು 3 ಮಿ.ಮೀ. ಚಪ್ಪಟೆ ಸ್ಕ್ರೂಡ್ರೈವರಿನಿಂದ 3-4 ಮಿ.ಮೀ. ಮಾತ್ರ ಎತ್ತಿ, ಶಾಕರನ್ನು ಗುಂಡಿನ ನೇರಕ್ಕೆ ಹೊರಗೆಳೆಯಬೇಕು. ಕ್ಲಿಪ್ಪನ್ನು ಪೂರ್ತಿ ಕಿತ್ತರೆ ಚಿಮ್ಮಿ ಕಳೆದುಹೋಗುತ್ತದೆ. ಗುಂಡು ಸವೆದಿದ್ದರೆ ಬದಲಿಸಿ, ಸಾಮಾನ್ಯವಾಗಿ 13ರ ಸ್ಪ್ಯಾನರ್ ಹಿಡಿಯುತ್ತದೆ. 8 ಮಿ.ಮೀ. ಮರೆಯಾದರೆ 20 ನ್ಯೂಟನ್ ಮೀಟರ್ ಬಿಗಿ ಸಾಕು, ಹೆಚ್ಚಾದರೆ ತಗಡಿನ ಒಳಗೆ ಬೆಸೆದ ನಟ್ಟು ಸುತ್ತಿಕೊಳ್ಳುತ್ತದೆ. ಗುಣಿಯೊಳಗೆ ಒಂದು ಸಾಸಿವೆಯಷ್ಟು ಬಿಳಿ ಗ್ರೀಸು ಇಟ್ಟು, ಮೊದಲು ಬಾಡಿಯ ಕಡೆ, ಆಮೇಲೆ ಬಾಗಿಲ ಕಡೆ ‘ಟಕ್’ ಎನ್ನುವವರೆಗೆ ಒತ್ತಬೇಕು. ಗುಂಡು ಸಾಲಿಗೆ ಬರದಿದ್ದರೆ ಜೊತೆಯವರು ಬಾಗಿಲನ್ನು ಇನ್ನೊಂದಿಷ್ಟು ಎತ್ತಬೇಕು. ಕೈಯಿಂದ ಶಾಕರ್ ಅದುಮಿ ಹೊಂದಿಸಲು ಹೋಗಬಾರದು. ಆಮೇಲೆ ಜಗ್ಗಿ ನೋಡಬೇಕು, ಕ್ಲಿಪ್ ಕೂತಿಲ್ಲದಿದ್ದರೆ ಆಗಲೇ ಕಳಚುತ್ತದೆ.

ಎರಡೂ ಕೂತ ಮೇಲೆ ಕೋಲು ತೆಗೆದು ಬಾಗಿಲನ್ನು ಕೈಯಲ್ಲಿ ನಿಧಾನವಾಗಿ ಇಳಿಸಬೇಕು. ಮೊದಲ ಸಲ ಬಡಿದು ಮುಚ್ಚಬಾರದು. ಕೊನೆಯ ಅಂಗುಲದಲ್ಲಿ ಗಟ್ಟಿಯಾಗಿ ತಡೆದಂತಾದರೆ ನಿಲ್ಲಿಸಿ, ಮುಚ್ಚಿದ ಉದ್ದವನ್ನು ಮತ್ತೆ ಅಳೆಯಬೇಕು. ಮುಚ್ಚಿದ ಮೇಲೆ ನಾಲ್ಕೂ ಮೂಲೆಯಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡಿ, ಎಲ್ಲ ಕಡೆ ಒಂದೇ ಬಿಗಿ ಇರಬೇಕು. ತಿಂಗಳ ಓಡಾಟದ ನಂತರ ನಾಲ್ಕೂ ಗುಂಡುಗಳಿಗೆ ಒಮ್ಮೆ ಸ್ಪ್ಯಾನರ್ ಹಾಕಬೇಕು. ವಾಟರ್ ಸರ್ವಿಸ್ ಮಾಡುವವರಿಗೆ ಪ್ರೆಶರ್ ಗನ್ನನ್ನು ರಾಡಿನ ಬುಡಕ್ಕೆ ಹಿಡಿಯಬೇಡಿ ಎಂದು ಹೇಳಬೇಕು.

ಹಳೆಯ ಶಾಕರಿಗೆ ಗ್ಯಾಸ್ ತುಂಬಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಕಂಪನಿಯ ಶಾಕರಿನಲ್ಲಿ ತುಂಬಲು ವಾಲ್ವೇ ಇರುವುದಿಲ್ಲ, ತೂತು ಕೊರೆದು ಬೆಸೆದ ಕೊಳವೆಯಲ್ಲಿ 100 ಬಾರ್ ತುಂಬುವುದು ಜೀವದ ಜೊತೆ ಆಟ. ಗುಜರಿಗೆ ಹಾಕುವಾಗಲೂ ‘ಒಳಗೆ ಗ್ಯಾಸಿದೆ, ಗ್ಯಾಸ್ ಕಟ್ಟರ್ ಹಿಡಿಯಬೇಡಿ, ಬೆಂಕಿಗೆ ಹಾಕಬೇಡಿ’ ಎಂದು ಕೊಳವೆಯ ಮೇಲೆ ಮಾರ್ಕರಿನಲ್ಲಿ ಬರೆದು, ಬಾಯಲ್ಲೂ ಹೇಳಿ ಕೊಡಬೇಕು.