ನಾಯಿ-ಬೆಕ್ಕಿನ ಪೇಂಟಿಂಗ್ ಕ್ಲಾಸ್: ಕಣ್ಣು ಮೊದಲು, ಕೂದಲು ಆಮೇಲೆ

ಮನೆ ನಾಯಿ-ಬೆಕ್ಕಿನ ಪೋರ್ಟ್ರೇಟ್ ಕಲಿಸೋ ಕ್ಲಾಸ್ ಶುರು ಮಾಡ್ಬೇಕು ಅಂತಿದ್ರೆ ಒಂದು ವಾರ ಮುಂಚೆನೇ ಎಲ್ರ ಹತ್ರನೂ ಫೋಟೊ ತರಿಸ್ಕೊಳ್ಳಿ. ಇಲ್ಲಾಂದ್ರೆ ವಾಟ್ಸಾಪಲ್ಲಿ ಓಡಾಡಿ ಮಸುಕಾಗಿರೋದನ್ನೇ ಹಿಡ್ಕೊಂಡು ಬರ್ತಾರೆ. ಕಿಟಕಿ ಪಕ್ಕ ಕೂರಿಸಿ, ನೀವೂ ನೆಲದ ಮೇಲೆ ಕೂತು ಅದರ ಕಣ್ಣಿನ ಮಟ್ಟಕ್ಕೆ ಫೋನ್ ಹಿಡೀರಿ, ಫ್ಲಾಶ್ ಮಾತ್ರ ಬೇಡ ಅಂತ ಹೇಳ್ಬಿಡಿ, ಅವುಗಳ ಕಣ್ಣೊಳಗೆ ಬೆಳಕು ವಾಪಸ್ ಹೊಡಿಯೋ ಪದರ ಇರುತ್ತಲ್ಲ, ಫ್ಲಾಶ್ ಬಿದ್ರೆ ಹಸಿರಾಗಿ ಹೊಳ್ದು ನಿಜವಾದ ಬಣ್ಣನೇ ಕಾಣ್ಸಲ್ಲ. ಪ್ರಿಂಟ್ ಎರಡು ತೆಗ್ಸಿ, ಒಂದು ಕಲರ್, ಒಂದು ಬ್ಲ್ಯಾಕ್ ಅಂಡ್ ವೈಟ್. ನೆರಳು ಎಲ್ಲಿದೆ ಅಂತ ಹೊಸಬರಿಗೆ ಗೊತ್ತಾಗೋದು ಎರಡನೇದ್ರಲ್ಲೇ.

ಸಾಮಾನು ಜಾಸ್ತಿ ಬೇಡ. 8x10 ಇಂಚಿನ ಕ್ಯಾನ್ವಾಸ್ ಬೋರ್ಡ್, ಅಕ್ರಿಲಿಕ್‌ನಲ್ಲಿ ಟೈಟಾನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಅಂಬರ್ (ಗಾಢ ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಒಂದು ಕೆಂಪು, ಅಷ್ಟೇ. ಕಪ್ಪು ಟ್ಯೂಬ್ ಟೇಬಲ್ ಮೇಲೆ ಇಡ್ಲೇಬೇಡಿ! ಅದನ್ನೇ ಬಳಿದ್ರೆ ಕರಿ ನಾಯಿ ಇದ್ದಿಲ ತುಂಡಿನ ಥರ ಕಾಣುತ್ತೆ. ನೀಲಿಗೆ ಅಂಬರ್ ಕಲಸಿದ್ರೆ ಒಳ್ಳೆ ಕಪ್ಪು ಬರುತ್ತೆ, ಬೇಕಾದ ಕಡೆ ನೀಲಿ ಜಾಸ್ತಿ, ಬೇಕಾದ ಕಡೆ ಕಂದು ಜಾಸ್ತಿ ಮಾಡ್ಕೋಬಹುದು.

ಸ್ಕೆಚ್ ಕಾರ್ಬನ್ ಪೇಪರ್ ಇಟ್ಟು ಇಳಿಸ್ಲಿ ಬಿಡಿ. ಅದು ಮೋಸ ಅನ್ನೋರಿದ್ದಾರೆ, ಆದ್ರೆ ಕಲಿಸ್ತಿರೋದು ಪೇಂಟಿಂಗ್ ತಾನೆ.

ಎಲ್ರಿಗೂ ಅರ್ಜೆಂಟು ಕೂದಲು ಬರಿಯೋಕೆ. ತಡೀರಿ. ಮೊದಲು ಕಣ್ಣು, ಯಾಕಂದ್ರೆ ಕಣ್ಣು ಸರಿಬಂದ್ರೆ 'ಅಯ್ಯೋ ನಮ್ ಬ್ರೂನೋನೇ' ಅಂತಾರೆ, ಆಮೇಲೆ ಉಳಿದಿದ್ದಕ್ಕೆ ಧೈರ್ಯ ಬರುತ್ತೆ. ಹೊಸಬರು ನಾಯಿಗೂ ಮನುಷ್ಯರ ಕಣ್ಣಿನ ಹಾಗೆ ಸುತ್ತ ಬಿಳಿ ಬಿಡ್ತಾರೆ. ಸಾಮಾನ್ಯವಾಗಿ ನಾಯಿಯಲ್ಲಿ ಅದು ಮೂಲೇಲಿ ಚೂರು ಕಂಡ್ರೆ ಹೆಚ್ಚು. ಸುತ್ತ ಕಪ್ಪು ಅಂಚು, ಒಳಗೆ ಕಂದು, ಮೇಲಿನ ರೆಪ್ಪೆಯ ನೆರಳು, ಕೊನೆಗೆ ಕಿಟಕಿ ಬೆಳಕಿನ ಒಂದು ಸಣ್ಣ ಚುಕ್ಕೆ, ಎರಡು ಕಣ್ಣಲ್ಲೂ ಒಂದೇ ಕಡೆ. ಬೆಕ್ಕಾದ್ರೆ ಜಾಸ್ತಿ ಬೆಳಕಲ್ಲಿ ಪಾಪೆ ಉದ್ದ ಗೀಟಾಗಿರುತ್ತೆ, ನೆನಪಿರ್ಲಿ.

ಆಮೇಲೆ ದೊಡ್ಡ ಬ್ರಷ್ಷಲ್ಲಿ ನೆರಳು-ಬೆಳಕಿನ ಬೇಸ್. ಅದು ಒಣಗಿದ್ಮೇಲೇನೇ ಕೂದಲು. ಅದಕ್ಕೂ ಮುಂಚೆ ಕೂದಲು ಯಾವ ಕಡೆ ಹೋಗುತ್ತೆ ಅಂತ ಪ್ರಿಂಟ್ ಮೇಲೆ ಪೆನ್ನಲ್ಲಿ ಬಾಣ ಹಾಕಿಸಿ: ಮೂಗಿನ ಮೇಲಿಂದ ಹಣೆ ಕಡೆಗೆ, ಕೆನ್ನೇಲಿ ಹಿಂದಕ್ಕೆ. ತೆಳ್ಳಗಿನ ಬ್ರಷ್, ಬಣ್ಣ ನೀರಾಗಿ, ಬುಡದಿಂದ ಎಳೆದು ತುದೀಲಿ ಬ್ರಷ್ ಎತ್ಬೇಕು. ಒಂದೊಂದು ಕೂದಲೂ ಬೇಡ, ಅಂಚಲ್ಲಿ ಮತ್ತೆ ನೆರಳು ಮುಗಿಯೋ ಜಾಗದಲ್ಲಿ ಸಾಕು. ಬೇಸಿಗೇಲಿ ಪ್ಯಾಲೆಟ್ಟಲ್ಲೇ ಬಣ್ಣ ಒಣಗುತ್ತೆ, ಸ್ಪ್ರೇ ಬಾಟಲಲ್ಲಿ ನೀರು ಇಟ್ಕೊಳ್ಳಿ.

ಕಲಿಯೋರ ಕ್ಯಾನ್ವಾಸಿಗೆ ನೀವು ಬ್ರಷ್ ಹಾಕ್ಬೇಡಿ. ಮೇಲೆ ಒಂದು ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಇಟ್ಟು ಅದರ ಮೇಲೆ ತಿದ್ದಿ ತೋರಿಸಿ. ತೀರಿಹೋದ ನಾಯಿ ಫೋಟೊ ತಂದಿರೋರು ಒಬ್ರಾದ್ರೂ ಇರ್ತಾರೆ, ಅವರು ಕಣ್ಣು ಬರಿಯೋವಾಗ ನಿಂತ್ಬಿಟ್ರೆ ಅವಸರ ಮಾಡ್ಬೇಡಿ, ಬೇಕಿದ್ರೆ ಕಿವಿ ಕಡೆಯಿಂದ ಶುರು ಮಾಡ್ಲಿ. ಮುಧೋಳದಂಥ ಗಿಡ್ಡ ಕೂದಲಿನ ನಾಯಿ ಮೂರು ಗಂಟೇಲಿ ಮುಗಿಬಹುದು, ಪೊಮೆರೇನಿಯನ್ ತಂದೋರಿಗೆ ಮಾತ್ರ ಎರಡನೇ ದಿನನೂ ಬರ್ಬೇಕು ಅಂತ ಫೀಸ್ ತಗೊಳೋವಾಗ್ಲೇ ಹೇಳ್ಬಿಡಿ.